ಕೊನೆಯ ಸಾಲಿನ ಮೇಲಿನ ಸಾಲು

ಪುಟ್ಟಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. "ಅತ್ತೆ, ಒಂದು ರೂಪಾಯಿ ಆದಾಯವನ್ನೂ ಮುಚ್ಚಿಟ್ಟಿಲ್ಲ. ಜುಲೈ 27ಕ್ಕೇ ರಿಟರ್ನ್ಸ್ ಫೈಲ್ ಮಾಡಿದೆ, ಗಡುವಿಗೆ ಇನ್ನೂ ನಾಲ್ಕು ದಿನ ಇತ್ತು. ಆದರೂ 8,820 ರೂಪಾಯಿ ಬಡ್ಡಿ ಯಾಕೆ?" ಅಂದೆಯಲ್ಲ. ನಿನ್ನ ದನಿಯಲ್ಲಿ ಸಿಟ್ಟಿಗಿಂತ ಅವಮಾನ ಹೆಚ್ಚಿತ್ತು, ಕಳ್ಳನ ಸಾಲಿನಲ್ಲಿ ನಿಲ್ಲಿಸಿದರು ಅನ್ನುವ ಹಾಗೆ. ಹಾಗೆ ಅಂದುಕೊಳ್ಳಬೇಡ. ಈ ಬಡ್ಡಿ ಕಳ್ಳರಿಗೆ ಹಾಕುವ ದಂಡ ಅಲ್ಲ. ತೆರಿಗೆ ವರ್ಷದೊಳಗೇ ಸರ್ಕಾರಕ್ಕೆ ಸೇರಬೇಕಿತ್ತು, ಸೇರಲಿಲ್ಲ, ಅಷ್ಟು ದಿನ ಆ ಹಣ ನಿನ್ನ ಹತ್ತಿರ ಇತ್ತು. ಇಷ್ಟೇ ಅದರ ಅರ್ಥ. ಫೋನಿನಲ್ಲಿ ಅರ್ಧ ಹೇಳಿ ಅರ್ಧ ಬಿಟ್ಟೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಕಳಿಸಿದ ಎರಡೂ ಫಾರಂ 16 ಬಿಡಿಸಿ ನೋಡಿದೆ. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲನೇ ಕಂಪನಿ, ತಿಂಗಳಿಗೆ 1 ಲಕ್ಷ. ಅವರು ನಿನ್ನ ವರ್ಷದ ಸಂಬಳ 12 ಲಕ್ಷ ಎಂದು ಅಂದಾಜು ಮಾಡಿದರು. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ ಸಿಗುವ 75,000 ಕಳೆದರೆ 11.25 ಲಕ್ಷ. 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ, ಸಂಬಳದಲ್ಲೇ ಹಿಡಿಯುವ ತೆರಿಗೆ, ಅಂದರೆ ಟಿಡಿಎಸ್ಸೂ ಸೊನ್ನೆ. ಅಕ್ಟೋಬರ್‌ನಲ್ಲಿ ಎರಡನೇ ಕಂಪನಿ ಸೇರಿದೆ, ತಿಂಗಳಿಗೆ 1.5 ಲಕ್ಷ. ಅವರ ಲೆಕ್ಕದಲ್ಲಿ ಆ ವರ್ಷ ನಿನಗೆ ಅವರು ಕೊಡುವುದು ಆರು ತಿಂಗಳ 9 ಲಕ್ಷ ಮಾತ್ರ. ಅವರೂ 75,000 ಕಳೆದರು, ಅವರಿಗೂ ತೆರಿಗೆ ಸೊನ್ನೆಯಾಗಿ ಕಂಡಿತು. ಎರಡೂ ಕಡೆಯವರು ತಮ್ಮ ತಮ್ಮ ಲೆಕ್ಕ ಸರಿಯಾಗಿಯೇ ಮಾಡಿದ್ದಾರೆ. ಆದರೆ ನೀನು ಇಬ್ಬರಲ್ಲ, ಒಬ್ಬ. ನಿನ್ನ ವರ್ಷದ ಸಂಬಳ 15 ಲಕ್ಷ. 75,000 ಕಳೆಯುವುದು ಒಂದೇ ಸಲ. ಉಳಿದ 14.25 ಲಕ್ಷಕ್ಕೆ ರಿಯಾಯಿತಿ ಇಲ್ಲ. ಮೊದಲ 4 ಲಕ್ಷ ಬಿಟ್ಟು, ಮುಂದಿನ 4 ಲಕ್ಷಕ್ಕೆ 20,000, ಅದರ ಮುಂದಿನ 4 ಲಕ್ಷಕ್ಕೆ 40,000, ಮೇಲಿನ 2.25 ಲಕ್ಷಕ್ಕೆ 33,750. ಒಟ್ಟು 93,750, ಅದರ ಮೇಲೆ ಶೇ 4 ಸೆಸ್ ಸೇರಿ 97,500. ಇಷ್ಟೂ ಹಣ ಹನ್ನೆರಡು ತಿಂಗಳು ನಿನ್ನ ಕೈಯಲ್ಲೇ ಇತ್ತು, ನಿನಗೇ ಗೊತ್ತಿಲ್ಲದ ಹಾಗೆ.

ನಿನ್ನ ಅಜ್ಜ ಸಾಗರದ ಮಂಡಿಯಿಂದ ಅಡಿಕೆ ಲೆಕ್ಕದ ಪಟ್ಟಿ ತಂದರೆ ಮೊದಲು ನನ್ನ ಕೈಗೆ ಕೊಡುತ್ತಿದ್ದರು. ನಾನು ಆಗ ಹೈಸ್ಕೂಲು. ಕಣ್ಣು ಸೀದಾ ಕೊನೆಯ ಸಾಲಿಗೆ ಹೋಗುತ್ತಿತ್ತು, ಕೈಗೆ ಬಂದ ಮೊತ್ತ ಎಷ್ಟು ಅಂತ. ಅಪ್ಪಯ್ಯ ಬೆರಳಿಟ್ಟು ತಡೆಯುತ್ತಿದ್ದರು. "ಕಡೇ ಸಾಲು ಯಾರಾದರೂ ಓದುತ್ತಾರೆ, ಅದರ ಮೇಲಿನದು ಓದು" ಅನ್ನುತ್ತಿದ್ದರು. ತೂಕ, ಹಮಾಲಿ, ಮಂಡಿಯಿಂದ ಮಳೆಗಾಲದಲ್ಲಿ ತಂದ ಮುಂಗಡ, ಆ ಮುಂಗಡಕ್ಕೆ ತಂದ ದಿನದಿಂದ ಓಡಿದ ಬಡ್ಡಿ, ಎಲ್ಲ ಅಲ್ಲಿರುತ್ತಿತ್ತು. ಒಂದು ವರ್ಷ ಹಮಾಲಿ ಹಿಡಿಯುವುದನ್ನು ಮರೆತು ಪಟ್ಟಿ ಕೊಟ್ಟಿದ್ದರು. ಅಪ್ಪಯ್ಯ ಆ ಹಣವನ್ನು ಬೇರೆ ಎತ್ತಿಟ್ಟು ಮುಂದಿನ ಗುರುವಾರ ಕೊಟ್ಟು ಬಂದರು. ಹಿಡಿಯಬೇಕಾದ್ದು ಹಿಡಿದಿಲ್ಲ ಅಂದರೆ ಅದು ಲಾಭ ಅಲ್ಲ, ಬಾಕಿ ಅನ್ನುವುದು ಅವರಿಗೆ ಹೇಳಿಕೊಡಬೇಕಾದ ವಿಷಯ ಆಗಿರಲಿಲ್ಲ.

ನಿನ್ನ ಸಂಬಳದ ಚೀಟಿಯಲ್ಲೂ ಹಾಗೇ. ನೀನು ಕೊನೆಯ ಸಾಲು ಓದಿದೆ, ಅದರ ಮೇಲೆ ಟಿಡಿಎಸ್ ಎದುರಿಗೆ ಸೊನ್ನೆ ಇದ್ದದ್ದನ್ನು ನೋಡಲಿಲ್ಲ. ಸಂಬಳ ಒಂದೂವರೆ ಪಟ್ಟು ಆಯಿತು, ತೆರಿಗೆ ಮಾತ್ರ ಸೊನ್ನೆಯಲ್ಲೇ ನಿಂತಿತು. ಆ ಸೊನ್ನೆಯನ್ನು ಕಂಡಾಗಲೇ ಅನುಮಾನ ಬರಬೇಕಿತ್ತು.

ಈಗ 8,820 ಎಲ್ಲಿಂದ ಬಂತು ನೋಡು. ಟಿಡಿಎಸ್ ಕಳೆದು ವರ್ಷಕ್ಕೆ 10,000 ಅಥವಾ ಹೆಚ್ಚು ತೆರಿಗೆ ಉಳಿಯುವುದಾದರೆ ಅದನ್ನು ವರ್ಷದೊಳಗೇ ನಾಲ್ಕು ಕಂತಿನಲ್ಲಿ ಕಟ್ಟಬೇಕು. ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ 45, ಡಿಸೆಂಬರ್ 15ರೊಳಗೆ ಒಟ್ಟು ಶೇ 75, ಮಾರ್ಚ್ 15ರೊಳಗೆ ಪೂರ್ತಿ. ಇದಕ್ಕೇ ಅಡ್ವಾನ್ಸ್ ಟ್ಯಾಕ್ಸ್, ಮುಂಗಡ ತೆರಿಗೆ ಅನ್ನುವುದು. ನಮ್ಮ ದೇಶಕ್ಕೆ ಇದು ಹೊಸದೇನಲ್ಲ, ಎರಡನೇ ಮಹಾಯುದ್ಧ ನಡೆಯುತ್ತಿದ್ದ 1944ರಲ್ಲೇ ಬಂದದ್ದು. ನೀನು ಒಂದು ಕಂತೂ ಕಟ್ಟಿಲ್ಲ. ಮೊದಲ ಮೂರು ಕಂತಿನ ಕೊರತೆಗೆ ತಲಾ ಮೂರು ತಿಂಗಳ ಬಡ್ಡಿ, ತಿಂಗಳಿಗೆ ಶೇ 1ರಂತೆ. ಕೊನೆಯ ಕಂತಿಗೆ ಒಂದು ತಿಂಗಳದ್ದು. ಹೀಗೆ 438, 1,314, 2,193, 975, ಕೂಡಿದರೆ 4,920. ಇದು ಕಾಯ್ದೆಯ 234ಸಿ ಸೆಕ್ಷನ್. ಆಮೇಲೆ, ಮಾರ್ಚ್ 31ರೊಳಗೆ ಕನಿಷ್ಠ ಶೇ 90 ತುಂಬಿಲ್ಲದಿದ್ದರೆ ಏಪ್ರಿಲ್ 1ರಿಂದ ಕಟ್ಟುವ ದಿನದವರೆಗೆ ಮತ್ತೆ ತಿಂಗಳಿಗೆ ಶೇ 1. ಏಪ್ರಿಲ್, ಮೇ, ಜೂನ್, ಜುಲೈ, ನಾಲ್ಕು ತಿಂಗಳಿಗೆ 3,900. ಇದು 234ಬಿ. ಗಡುವು ಮೀರಿ ರಿಟರ್ನ್ಸ್ ಹಾಕುವವರಿಗೆ 234ಎ ಬೇರೆ ಇದೆ, ಅದು ನಿನಗೆ ಬಂದಿಲ್ಲ. ಗಡುವಿನೊಳಗೆ ಫೈಲ್ ಮಾಡಿದ ಪುಣ್ಯ ಅಷ್ಟರಮಟ್ಟಿಗೆ ದಕ್ಕಿದೆ. ಆಗಸ್ಟ್‌ಗೆ ಜಾರಿದ್ದರೆ ಆ ಒಂದು ತಿಂಗಳಿಗೇ ಎರಡು ಕಡೆಯಿಂದ 975ರಂತೆ 1,950, ಮೇಲೆ 5,000 ಲೇಟ್ ಫೀ ಬೀಳುತ್ತಿತ್ತು.

ನಮ್ಮವರು ಬಹಳ ಮಂದಿ ಎಡವುವ ಜಾಗ ಇನ್ನೊಂದಿದೆ. ಈ ಬಡ್ಡಿಗೆ ದಿನದ ಲೆಕ್ಕ ಇಲ್ಲ. ಡಿಸೆಂಬರ್ 15ರ ಬದಲು 16ಕ್ಕೆ ಕಟ್ಟಿದರೂ ಆ ಕಂತಿನ ಕೊರತೆಗೆ ಮೂರು ತಿಂಗಳ ಬಡ್ಡಿ ಪೂರ್ತಿ ಬೀಳುತ್ತದೆ. ಏಪ್ರಿಲ್ ನಂತರವೂ ಅಷ್ಟೇ, ತಿಂಗಳಲ್ಲಿ ಒಂದು ದಿನ ಕಾಲಿಟ್ಟರೆ ಇಡೀ ತಿಂಗಳು ಲೆಕ್ಕಕ್ಕೆ. ನಾಳೆ ಕಟ್ಟಿದರಾಯಿತು ಅನ್ನುವ ಮಾತಿಗೆ ಬೇರೆ ಕಡೆ ಹೋದೀತು ಹತ್ತಿಪ್ಪತ್ತು ರೂಪಾಯಿ, ಇಲ್ಲಿ ಶೇ 3 ಹೋಗುತ್ತದೆ. ಕೈಕಾಲು ಹಿಡಿದು ಮನ್ನಾ ಮಾಡಿಸಿಕೊಳ್ಳಬಹುದು ಅಂತಲೂ ತಿಳಿಯಬೇಡ. ಈ ಬಡ್ಡಿ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿಯಾಗಿದೆ.

ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಅದರಲ್ಲಿ ಎಷ್ಟೋ ಮಾರ್ಚ್ ತಿಂಗಳು ಚಲನ್ ಕೌಂಟರಿನಲ್ಲಿ ಕಳೆದಿದ್ದೇನೆ. 2004ರಲ್ಲಿ ಆನ್‌ಲೈನ್ ಲೆಕ್ಕದ ವ್ಯವಸ್ಥೆ ಬರುವ ತನಕ ಒಂದು ಚಲನ್‌ಗೆ ನಾಲ್ಕು ಪ್ರತಿ. ನಡುವೆ ಕಾರ್ಬನ್ ಇಟ್ಟು ಒತ್ತಿ ಬರೆಯಬೇಕು. ನಾಲ್ಕನೇ ಪ್ರತಿಯಲ್ಲಿ ಅಂಕಿ ಮೂಡಿದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮಾರ್ಚ್ 15ರಂದು ಸಾಲು ಬಾಗಿಲು ದಾಟಿ ರಸ್ತೆಗೆ ಬರುತ್ತಿತ್ತು. ಕಿರಾಣಿ ಅಂಗಡಿಯವರು, ವೈದ್ಯರು, ವಕೀಲರ ಗುಮಾಸ್ತರು. ಒಮ್ಮೆ ಔಷಧಿ ಅಂಗಡಿಯ ಹಿರಿಯರೊಬ್ಬರು ಸಾಲು ನೋಡಿ ವಾಪಸು ಹೊರಟರು, ನಾಳೆ ಬರುತ್ತೇನೆ ಅಂದರು. ಅವರನ್ನು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಮರುದಿನ ಬಂದು ಕಟ್ಟಿದರು. ಚಲನ್ ಮೇಲೆ 16ರ ಸೀಲು ಒತ್ತಿದ್ದು ನಾನೇ. ಒಂದು ದಿನಕ್ಕೆ ಒಂದು ತಿಂಗಳ ಬಡ್ಡಿ ಎಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅದು ಈಗಲೂ ಕಾಡುತ್ತದೆ. ನಿನಗೆ ಇಷ್ಟು ಉದ್ದ ಬರೆಯುವುದಕ್ಕೆ ಅದೂ ಒಂದು ಕಾರಣ.

ಇನ್ನು ಇಡೀ ಪತ್ರದಲ್ಲಿ ನೀನು ನೆನಪಿಡಬೇಕಾದ್ದು. ನಿನ್ನ ಹಾಗೆ ಕೆಲಸ ಬದಲಿಸುವವರು ಕಂತು, ಚಲನ್ ಯಾವುದರ ಗೋಜಿಗೂ ಹೋಗಬೇಕಿಲ್ಲ. ಹೊಸ ಕಂಪನಿಗೆ ಸೇರಿದ ದಿನ ಹಳೆಯ ಕಂಪನಿಯ ಸಂಬಳ ಎಷ್ಟು, ಟಿಡಿಎಸ್ ಎಷ್ಟು ಎಂದು ಬರೆದುಕೊಟ್ಟರೆ ಮುಗಿಯಿತು. ನೀನು ಸೇರಿದಾಗ ಅದಕ್ಕೆ 12ಬಿ ಎಂಬ ಫಾರಂ ಇತ್ತು. ಸೇರುವಾಗ ಕೊಟ್ಟ ಕಾಗದಗಳ ಕಟ್ಟಿನಲ್ಲಿ ಅದೂ ಇದ್ದಿರಬೇಕು, ನೀನು ಖಾಲಿ ಬಿಟ್ಟಿರಬೇಕು. ತುಂಬಿಕೊಟ್ಟಿದ್ದರೆ ಅವರು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ 16,250 ಹಿಡಿಯುತ್ತಿದ್ದರು. 97,500 ಪೂರ್ತಿ ಸಂದಾಯ, ಬಡ್ಡಿ ಸೊನ್ನೆ.

ಜೂನ್, ಸೆಪ್ಟೆಂಬರ್ ಕಂತು ತಪ್ಪಿಹೋಗಿತ್ತಲ್ಲ ಅಂತ ನೀನು ಕೇಳಬಹುದು. ಕಾಯ್ದೆಯ ಒಳ್ಳೆಯ ಗುಣ ಇರುವುದು ಇಲ್ಲೇ. ಮುಂಗಡ ತೆರಿಗೆ ಲೆಕ್ಕ ಹಾಕುವುದು ಟಿಡಿಎಸ್ ಕಳೆದು ಉಳಿದದ್ದಕ್ಕೆ. ಆ ಟಿಡಿಎಸ್ ವರ್ಷದ ಯಾವ ತಿಂಗಳಲ್ಲಿ ಹಿಡಿದದ್ದು ಎಂದು ಯಾರೂ ಕೇಳುವುದಿಲ್ಲ. ಅಕ್ಟೋಬರ್‌ನಲ್ಲಿ ಮರೆತು ಜನವರಿಯಲ್ಲಿ ನೆನಪಾಗಿ ಹೇಳಿದ್ದರೂ, ಉಳಿದ ಮೂರು ತಿಂಗಳ ಸಂಬಳದಿಂದ ಅವರು ಹಿಡಿದಿದ್ದರೆ ಬಡ್ಡಿ ಬರುತ್ತಿರಲಿಲ್ಲ. ಅದೇ ಜನವರಿಯಲ್ಲಿ ನೀನೇ ಚಲನ್ ಕಟ್ಟಿದ್ದರೆ ಹಿಂದಿನ ಮೂರು ಕಂತಿನ ಬಡ್ಡಿ 3,945 ತಪ್ಪುತ್ತಿರಲಿಲ್ಲ. ಸಂಬಳದಾರನಿಗೆ ಕಾಯ್ದೆ ಬಿಟ್ಟುಕೊಟ್ಟ ದೊಡ್ಡ ಸೌಲಭ್ಯ ಇದು, ಕೇಳಿ ಪಡೆಯುವವರು ಕಡಿಮೆ.

ಸಂಬಳದ ಹೊರಗಿನ ಆದಾಯವನ್ನೂ ಹೀಗೆ ಕಂಪನಿಗೆ ತಿಳಿಸಬಹುದು. ನಿನಗೆ ಈ ವರ್ಷ ಅದು ಬೇಕಾಗುತ್ತದೆ. ಅಣ್ಣ ಏಪ್ರಿಲ್‌ನಲ್ಲಿ ಅಡಿಕೆ ಮಾರಿದ ದುಡ್ಡಿನಲ್ಲಿ 12 ಲಕ್ಷ ನಿನ್ನ ಹೆಸರಿಗೆ ಕೊಟ್ಟು ಊರಿನ ಸೊಸೈಟಿಯಲ್ಲಿ ಠೇವಣಿ ಇಡಿಸಿದ್ದಾನೆ. ಅಪ್ಪ ಮಗನಿಗೆ ಕೊಟ್ಟದ್ದಕ್ಕೆ ತೆರಿಗೆ ಇಲ್ಲ. ತೋಟದ ಅಡಿಕೆಗೂ ಆದಾಯ ತೆರಿಗೆ ಇಲ್ಲ. ಇದರಿಂದ ನಮ್ಮ ಕಡೆ ಒಂದು ತಪ್ಪು ತಿಳಿವಳಿಕೆ ಬೇರೂರಿಬಿಟ್ಟಿದೆ: ಅಡಿಕೆ ದುಡ್ಡಿನ ಬಡ್ಡಿಗೂ ತೆರಿಗೆ ಇಲ್ಲ ಅಂತ. ಹಾಗಲ್ಲ. ಮರದಲ್ಲಿ ಬಂದದ್ದು ಕೃಷಿ ಆದಾಯ, ಠೇವಣಿಯಲ್ಲಿ ಹುಟ್ಟಿದ ಬಡ್ಡಿ ಕೃಷಿ ಅಲ್ಲ. ಅದು ಈಗ ನಿನ್ನ ಆದಾಯ. ಶೇ 8ರಂತೆ ವರ್ಷಕ್ಕೆ 96,000. ಬ್ಯಾಂಕಾದರೆ ಶೇ 10 ಹಿಡಿದಾದರೂ ನೆನಪಿಸುತ್ತಿತ್ತು. ಪತ್ತಿನ ಸಹಕಾರ ಸಂಘಗಳು ಸದಸ್ಯರ ಬಡ್ಡಿಗೆ ಟಿಡಿಎಸ್ ಹಿಡಿಯುವುದು ಕಡಿಮೆ. ನಿನ್ನ ಸಂಬಳ ಈಗ ವರ್ಷಕ್ಕೆ 18 ಲಕ್ಷ, ಮೇಲಿನ ರೂಪಾಯಿಗೆ ಶೇ 20ರ ದರ. ಸೆಸ್ ಸೇರಿ ಆ ಬಡ್ಡಿಗೆ 19,968 ತೆರಿಗೆ. ಸುಮ್ಮನಿದ್ದರೆ ಮುಂದಿನ ಜುಲೈಗೆ ಮತ್ತೆ ಇದೇ ಕಥೆ. ಈ ತಿಂಗಳೇ ನಿನ್ನ ಎಚ್‌ಆರ್‌ನವರಿಗೆ ಬರೆದುಕೊಡು. ತಿಂಗಳಿಗೆ ಸುಮಾರು ಎರಡೂವರೆ ಸಾವಿರ ಹಿಡಿಯುತ್ತಾರೆ, ಗೊತ್ತೂ ಆಗುವುದಿಲ್ಲ.

ಬ್ಯಾಂಕ್ ಶೇ 10 ಹಿಡಿದಿದೆ, ನನ್ನ ತೆರಿಗೆ ಮುಗಿಯಿತು ಅನ್ನುವವರೂ ಇದ್ದಾರೆ. ಟಿಡಿಎಸ್ ಅಂದರೆ ಪೂರ್ತಿ ತೆರಿಗೆಯಲ್ಲ, ಒಂದು ಪಾಲು. ನಾನೇ ಈ ತಪ್ಪು ಮಾಡಿದ್ದೇನೆ, ಬ್ಯಾಂಕಿನಲ್ಲೇ ಜೀವನ ಕಳೆದವಳು. ನಿವೃತ್ತಿಯಾದ ಮೇಲೆ 2021ರಲ್ಲಿ ಶಾಖೆಗಳ ಲೆಕ್ಕ ತಪಾಸಣೆಯ ಕೆಲಸ ಒಪ್ಪಿಕೊಂಡೆ. ಶುಲ್ಕದಲ್ಲಿ ಶೇ 10 ಹಿಡಿದು ಕೊಡುತ್ತಿದ್ದರು. ಅರವತ್ತು ದಾಟಿದವರಿಗೆ ಮುಂಗಡ ತೆರಿಗೆ ಇಲ್ಲ ಎಂದು ಎಷ್ಟೋ ಹಿರಿಯರಿಗೆ ನಾನೇ ಹೇಳಿದ್ದೆ, ಆ ಧೈರ್ಯದಲ್ಲಿ ಸುಮ್ಮನಿದ್ದೆ. ಮಾತು ಅರ್ಧ ನಿಜ. ವ್ಯಾಪಾರ, ವೃತ್ತಿಯ ಆದಾಯ ಇಲ್ಲದ ಹಿರಿಯರಿಗೆ ಮಾತ್ರ ಆ ವಿನಾಯಿತಿ. ಪೆನ್ಷನ್ ಜೊತೆಗೆ ಶುಲ್ಕ ಗಳಿಸಿದ ಕೂಡಲೇ ನಾನು ಆ ಗುಂಪಿನಿಂದ ಹೊರಗೆ ಬಂದಿದ್ದೆ. ಮೂರೂವರೆ ಸಾವಿರ ಬಡ್ಡಿ ಕಟ್ಟಿದೆ. ನಿನ್ನ ಅಪ್ಪನಿಗೆ ಈ ತೊಡಕಿಲ್ಲ, ತೋಟ ಮತ್ತು ಠೇವಣಿ ಬಿಟ್ಟರೆ ಅವನಿಗೆ ಬೇರೆ ಗಳಿಕೆ ಇಲ್ಲ. ತೆರಿಗೆ ಬಂದರೆ ರಿಟರ್ನ್ಸ್ ಹಾಕುವಾಗ ಒಮ್ಮೆಗೇ ಕಟ್ಟಬಹುದು, ಗಡುವು ಮೀರದಿದ್ದರೆ ಸಾಕು.

ನಿನ್ನ ಗೆಳೆಯ ಕಂಪನಿ ಬಿಟ್ಟು ಸ್ವಂತವಾಗಿ ಸಾಫ್ಟ್‌ವೇರ್ ಕೆಲಸ ಹಿಡಿದಿದ್ದಾನೆ ಅಂದೆಯಲ್ಲ, ಅವನಿಗೂ ಹೇಳು. ಬಂದದ್ದರಲ್ಲಿ ಅರ್ಧ ಲಾಭ ಎಂದು ತೋರಿಸುವ ಅಂದಾಜು ಪದ್ಧತಿ ಹಿಡಿದರೆ ನಾಲ್ಕು ಕಂತು ಬೇಡ, ಮಾರ್ಚ್ 15ಕ್ಕೆ ಒಂದೇ ಕಂತು. ಆದರೆ ಆ ದಿನ ದುಡ್ಡು ಇರಬೇಕು. ತಿಂಗಳ ಸಂಬಳ ಇಲ್ಲದವನ ತೊಂದರೆ ಇದೇ, ಗಿರಾಕಿ ಕೊಟ್ಟದ್ದು ಅಷ್ಟೂ ತನ್ನದೇ ಎಂದು ಖರ್ಚು ಮಾಡಿ ಕೂತಿರುತ್ತಾನೆ. ಪ್ರತಿ ಬಿಲ್ಲಿನ ಹಣ ಬಂದ ದಿನವೇ ತೆರಿಗೆಯ ಪಾಲನ್ನು ಬೇರೆ ಉಳಿತಾಯ ಖಾತೆಗೆ ಹಾಕಲಿ, ಎಟಿಎಂ ಕಾರ್ಡ್ ಇಲ್ಲದ ಖಾತೆಗೆ.

ಇನ್ನು ನಿನ್ನ ಮ್ಯೂಚುವಲ್ ಫಂಡ್. ಕಾರಿಗೆ ಅಂತ ಜುಲೈನಲ್ಲಿ ಮಾರಿದೆ, ಲಾಭ 2.65 ಲಕ್ಷ, ಎಲ್ಲ ವರ್ಷಕ್ಕಿಂತ ಹಳೆಯ ಈಕ್ವಿಟಿ ಅಂದೆ. 1.25 ಲಕ್ಷದವರೆಗೆ ತೆರಿಗೆ ಇಲ್ಲ. ಉಳಿದ 1.4 ಲಕ್ಷಕ್ಕೆ ಶೇ 12.5ರಂತೆ 17,500, ಸೆಸ್ ಸೇರಿ 18,200. ಇದಕ್ಕೆ ಯಾರೂ ಟಿಡಿಎಸ್ ಹಿಡಿದಿಲ್ಲ. ಇಂಥ ಲಾಭ ಯಾವಾಗ ಬರುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ, ಕಾಯ್ದೆಗೂ ಅದು ಗೊತ್ತು. ಆದ್ದರಿಂದ ಜೂನ್ ಕಂತು ತಪ್ಪಿದ್ದಕ್ಕೆ ಬಡ್ಡಿ ಇಲ್ಲ. ಆದರೆ ಲಾಭ ಬಂದ ಮೇಲಿನ ಕಂತುಗಳಿಂದ ಕಟ್ಟುತ್ತಾ ಹೋಗಬೇಕು. ನಿನಗೆ ಅದು ಸೆಪ್ಟೆಂಬರ್ 15. ಶೇ 45 ಎಷ್ಟು, ಶೇ 75 ಎಷ್ಟು ಅನ್ನುವ ಲೆಕ್ಕ ಬೇಡ, ಹಣ ಕೈಯಲ್ಲಿ ಇರುವಾಗಲೇ 18,200 ಒಮ್ಮೆಗೇ ಕಟ್ಟಿಬಿಡು. ಒಂದಿಷ್ಟು ಹೆಚ್ಚಾದರೂ ಹೆದರಬೇಡ, ರಿಟರ್ನ್ಸ್ ಹಾಕಿದ ಮೇಲೆ ವಾಪಸು ಬರುತ್ತದೆ.

ಕಟ್ಟುವಾಗ ಎರಡು ಕಡೆ ಕಣ್ಣಿಡು. ಇಲಾಖೆಯ ಪೋರ್ಟಲ್‌ನಲ್ಲಿ ಇ-ಪೇ ಟ್ಯಾಕ್ಸ್ ತೆರೆದಾಗ ‘ಅಡ್ವಾನ್ಸ್ ಟ್ಯಾಕ್ಸ್’ ಎಂದೇ ಆರಿಸು. ಜುಲೈನಲ್ಲಿ ನೀನು ಕಟ್ಟಿದ್ದು ‘ಸೆಲ್ಫ್ ಅಸೆಸ್‌ಮೆಂಟ್’, ಅದು ವರ್ಷ ಮುಗಿದ ಮೇಲೆ ಕಟ್ಟುವುದು, ಅಭ್ಯಾಸಬಲದಿಂದ ಅದನ್ನೇ ಒತ್ತೀಯ. ಆಮೇಲೆ ವರ್ಷ. ಹಳೆಯ 1961ರ ಕಾಯ್ದೆಯಲ್ಲಿ ಗಳಿಸಿದ ವರ್ಷ ಒಂದು, ಅಸೆಸ್‌ಮೆಂಟ್ ವರ್ಷ ಇನ್ನೊಂದು. ನನ್ನ ಕೌಂಟರಿಗೆ ಬಂದ ತಪ್ಪು ಚಲನ್‌ಗಳಲ್ಲಿ ಮುಕ್ಕಾಲು ಪಾಲು ಈ ಗೊಂದಲದವು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಗಳಿಸಿದ ವರ್ಷವೇ ‘ತೆರಿಗೆ ವರ್ಷ’. ನಿನ್ನ ಈ ಲಾಭ 2026–27ರದ್ದು. ಸೆಕ್ಷನ್ ನಂಬರುಗಳು ಬದಲಾಗಿವೆ, 234 ಎಂದು ಹುಡುಕಿದರೆ ಹಳೆಯ ಪುಸ್ತಕದಲ್ಲೇ ಸಿಗುತ್ತದೆ. ಕಂತಿನ ತಾರೀಖು, ಪಾಲು ಮಾತ್ರ ಹಾಗೇ ಇವೆ. ದುಡ್ಡು ಹೋದ ಮೇಲೆ ಚಲನ್ ಇಳಿಸಿಕೊಂಡು ಇಡು, ವಾರ ಬಿಟ್ಟು ಪೋರ್ಟಲ್‌ನ ನಿನ್ನ ತೆರಿಗೆ ವಿವರದಲ್ಲಿ ಆ ಮೊತ್ತ ಕಾಣುತ್ತಿದೆಯೇ ಅಂತ ನೋಡು.

ಈ ಸಲ ಚೌತಿ ಸೆಪ್ಟೆಂಬರ್ 14, ಸೋಮವಾರ. ಮರುದಿನವೇ ಗಡುವು. ಶುಕ್ರವಾರ ರಾತ್ರಿ ಬಸ್ಸಿಗೆ ಊರಿಗೆ ಹೊರಟರೆ ಇಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ನಿನಗೇ ಗೊತ್ತು. ಒಟಿಪಿಗಾಗಿ ಗುಡ್ಡ ಹತ್ತಬೇಕಾಗುತ್ತದೆ. ಹೊರಡುವ ಮುಂಚೆಯೇ ಬೆಂಗಳೂರಿನಲ್ಲಿ ಕಟ್ಟಿ ಬಾ. ಎಚ್‌ಆರ್‌ಗೆ ಬರೆದ ಕಾಗದದ ಪ್ರತಿ, ಆಗಸ್ಟ್ ತಿಂಗಳ ಸಂಬಳದ ಚೀಟಿ ಎರಡನ್ನೂ ಪ್ರಿಂಟ್ ತೆಗೆಸಿಕೊಂಡು ಬಾ. ಮೊಬೈಲಿನಲ್ಲಿ ನನಗೆ ಕಣ್ಣು ಹಿಡಿಯುವುದಿಲ್ಲ. ಹಬ್ಬದ ಊಟ ಮುಗಿದ ಮೇಲೆ ಜಗಲಿಯಲ್ಲಿ ಕೂತು ನೋಡೋಣ.

ನಿನ್ನ ಅತ್ತೆ